ನಾಲ್ಕೇ ನಾಲ್ಕು ಎಲೆ

ಏಪ್ರಿಲ್ ೨೮

ಮುದ್ದಿನ ಪುಟ್ಟಿಗೆ,

ಅಮ್ಮ ಮಾಡುವ ಆಶೀರ್ವಾದಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನೀನು ಹೋದ ಕೂಡಲೇ ಬರೆಯುತ್ತೇನೆ ಎಂದು ಬಸ್ಸಿನ ಕಿಟಕಿ ಹಿಡಿದುಕೊಂಡು ಹೇಳಿದವಳು ಇಷ್ಟು ದಿನ ಸುಮ್ಮನಿದ್ದುಬಿಟ್ಟೆ, ಬೈದುಕೊಳ್ಳಬೇಡ. ರಜೆ ಬಂತೆಂದರೆ ಊರಿನ ತಾಯಂದಿರಿಗೆಲ್ಲ ಒಟ್ಟಿಗೇ ಮಕ್ಕಳ ಕಣ್ಣಿನ ನೆನಪಾಗುತ್ತದೆ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅದರ ಮೇಲೆ ಕನ್ನಡಕದ ಗಾಜು ಉಜ್ಜುವ ಯಂತ್ರ ಕೈಕೊಟ್ಟಿತು. ಅಪ್ಪ ಅದರ ಹೊಟ್ಟೆ ಬಿಚ್ಚಿಕೊಂಡು ಕೂತರು. ಮತ್ತೆ ಜೋಡಿಸಿ ಮುಗಿಸಿದಾಗ ಒಂದು ಸ್ಕ್ರೂ ಮಿಕ್ಕಿತು. ಅದು ಬೇಡದ್ದೇ ಇರಬೇಕು ಬಿಡು ಎಂದು ಜೇಬಿಗೆ ಹಾಕಿಕೊಂಡರು. ಯಂತ್ರವೇನೋ ಓಡುತ್ತಿದೆ, ನನಗಂತೂ ಅದರ ಮೇಲೆ ನಂಬಿಕೆಯಿಲ್ಲ.

ಫೋನಿನಲ್ಲೇ ಹೇಳಬಹುದಲ್ಲ ಎನ್ನುತ್ತೀಯ. ಫೋನಿನಲ್ಲಿ ನೀನು ಹ್ಞೂಂ ಹ್ಞೂಂ ಎನ್ನುತ್ತ ಇನ್ನೇನೋ ಕೆಲಸ ಮಾಡುತ್ತಿರುತ್ತೀಯ, ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀಯ. ಕಾಗದವಾದರೆ ಪೂರ್ತಿ ಓದಲೇಬೇಕು. ನಿನ್ನ ಪೇಪರಿನವರು ಫೋಟೋ ವಿಭಾಗವನ್ನೇ ಮುಚ್ಚಿ ನಿಮ್ಮನ್ನೆಲ್ಲ ಮನೆಗೆ ಕಳಿಸಿದಾಗಿನಿಂದ ನಿನ್ನ ದನಿಯಲ್ಲಿ ಜೀವವೇ ಇರಲಿಲ್ಲ. ಯಾರದೋ ಮದುವೆಗಳಲ್ಲಿ ನಿಂತು ನಗಿ, ನಗಿ ಎಂದು ಹೇಳಿ ಹೇಳಿ ನಿನ್ನ ನಗುವೇ ಒಣಗಿಹೋಗಿತ್ತು. ಇಲ್ಲಿದ್ದಷ್ಟು ದಿನ ಬೆಳಿಗ್ಗೆ ಎದ್ದು ನನ್ನ ಜೊತೆ ಪಾರ್ಕಿಗೆ ಬಂದೆ, ಕ್ಯಾಮೆರಾ ಹಿಡಿದು ಮರ ಮರ ಸುತ್ತಿದೆ, ಮುಖಕ್ಕೆ ಬಣ್ಣ ಬಂತು. ಆ ನಿಸರ್ಗ ಪತ್ರಿಕೆಯ ಸ್ಪರ್ಧೆಗೆ ಚಿತ್ರ ಕಳಿಸಿದೆಯಾ? ಗೆದ್ದವರನ್ನು ಕೆಲಸಕ್ಕೇ ತೆಗೆದುಕೊಳ್ಳುತ್ತಾರೆ ಎಂದಿದ್ದೆಯಲ್ಲ. ಅಪ್ಪ ದಿನಾ ಕೇಳುತ್ತಾರೆ.

ಈಗ ಕೆಟ್ಟ ಸುದ್ದಿ. ಬತ್ತಿದ ಕೊಳದ ಕಟ್ಟೆಯ ಮೇಲೆ ಬಾಗಿದ ಮರದಲ್ಲಿ ಹೊನ್ನಕ್ಕಿ ಗೂಡು ಕಟ್ಟಿತ್ತಲ್ಲ, ಕೈಗೆಟುಕುವ ಕೊಂಬೆಯಲ್ಲಿ, ತೊಟ್ಟಿಲಿನ ಹಾಗೆ ತೂಗುತ್ತಿದ್ದದ್ದು, ಅದು ಹಾಳಾಯಿತು. ನೀನು ಹೋದ ಮೇಲೆ ಒಂದೆರಡು ದಿನ ನಾನು ಪಾರ್ಕಿಗೆ ಹೋಗಿರಲಿಲ್ಲ. ಹೋದಾಗ ನೋಡುತ್ತೇನೆ, ಬೆಳಿಗ್ಗೆ ಹಕ್ಕಿ ನೋಡುವ ನಮ್ಮ ಗುಂಪಿನವರೆಲ್ಲ ಮರದ ಕೆಳಗೆ ತಲೆ ತಗ್ಗಿಸಿಕೊಂಡು ನಿಂತಿದ್ದಾರೆ. ಕಟ್ಟೆಯ ಮೇಲೆ ಒಂದು ಮರಿ ಸತ್ತು ಬಿದ್ದಿತ್ತು, ರೆಕ್ಕೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಇನ್ನೊಂದನ್ನು ಕಾಗೆ ಎತ್ತಿಕೊಂಡು ಹೋಗಿದ್ದನ್ನು ಯಾರೋ ಕಂಡಿದ್ದರಂತೆ. ತಾಯಿ ಹಕ್ಕಿ ಎದುರಿನ ಮರದಲ್ಲಿ ಕೂತು ಕೂಗುತ್ತಲೇ ಇತ್ತು.

ಗುಂಪಿನ ಯಜಮಾನರಾದ ಸೆಕ್ರೆಟರಿಯವರು ದುರ್ಬೀನು ತೆಗೆದು ಕೊಂಬೆ ನೋಡಿದರು. ಅದೇ, ಪಾರ್ಕಿನ ಎದುರಿನ ದೊಡ್ಡ ಕಟ್ಟಡದ ಸಂಘಕ್ಕೆ ಸೆಕ್ರೆಟರಿ, ಯಾರಾದರೂ ಸೀನಿದರೂ ತಿರುಗಿ ನೋಡುವವರು, ನೀನು ಅಣಕಿಸಿ ನಗಿಸುತ್ತಿದ್ದೆಯಲ್ಲ. ಗೂಡಿನ ಸುತ್ತಲ ಎಲೆಗಳನ್ನು ಯಾರೋ ತೆಗೆದಿದ್ದರು. ಗಾಳಿಗೆ ಉದುರಿದ್ದಲ್ಲ, ಕೈಯಿಂದ ಕಿತ್ತದ್ದೂ ಅಲ್ಲ. ತೊಟ್ಟುಗಳು ಓರೆಯಾಗಿ, ನುಣ್ಣಗೆ ಕತ್ತರಿಸಿದ ಹಾಗಿದ್ದವು. ಗೂಡು ಸರಿಯಾಗಿ ಕಾಣಲಿ ಎಂದು ಫೋಟೋದವರು ಹೀಗೆ ಮಾಡುತ್ತಾರೆ ಎಂದು ಸೆಕ್ರೆಟರಿ ಹೇಳಿದರು. ಮನುಷ್ಯರಿಗೆ ಕಂಡ ಗೂಡು ಕಾಗೆಗೂ ಕಾಣುತ್ತದೆ, ಮೇಲಿಂದ ಬಿಸಿಲು ನೇರ ಬಡಿಯುತ್ತದೆ. ಈ ವರ್ಷದ ಬಿಸಿಲು ನಿನಗೆ ಗೊತ್ತೇ ಇದೆ. ಮರದ ಕೆಳಗೆ ಗುಡಿಸುತ್ತಿದ್ದ ಮಾಲಿಯನ್ನು ಕೇಳಿದರೆ, ಆ ಮರ ಮುಟ್ಟಿದ್ದರೆ ತನ್ನ ಕೈ ಸೇದಿಹೋಗಲಿ ಎಂದ.

ನನಗೆ ಅನುಮಾನವಿರುವುದು ಕೊಕ್ಕರೆಯ ಮೇಲೆ. ನನಗಷ್ಟೇ ಅಲ್ಲ, ಎಲ್ಲರಿಗೂ. ಆ ಉದ್ದ ಕತ್ತಿನ ಲಿಫ್ಟ್ ರಿಪೇರಿಯವನು, ಒಂಟಿಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಾನಲ್ಲ, ಅವನು. ಗುಂಪಿಗೆ ಸೇರಿ ಇನ್ನೂ ಒಂದು ಬೇಸಿಗೆಯೂ ಪೂರ್ತಿ ಆಗಿಲ್ಲ. ಎಲ್ಲರೂ ತೆಗೆದ ಚಿತ್ರಗಳನ್ನು ಎಲ್ಲರಿಗೂ ತೋರಿಸುತ್ತಾರೆ, ಬೇಡವೆಂದರೂ ತೋರಿಸುತ್ತಾರೆ. ಅವನು ಮಾತ್ರ ಕ್ಯಾಮೆರಾದ ಹಿಂಭಾಗವನ್ನು ಅಂಗೈಯಿಂದ ಮುಚ್ಚಿಕೊಳ್ಳುತ್ತಾನೆ. ಪಾರ್ಕಿನಿಂದ ನೇರ ಕೆಲಸಕ್ಕೆ ಹೋಗುವುದರಿಂದ ಹೆಗಲಲ್ಲಿ ಸಾಮಾನಿನ ಚೀಲ, ಅದರೊಳಗೆ ಇಕ್ಕಳ, ವೈರು ಕತ್ತರಿಸುವ ಕತ್ತರಿ ಎಲ್ಲ ಇವೆ. ಎಲ್ಲರೂ ಗೂಡಿನ ಕೆಳಗೆ ಅಯ್ಯೋ ಪಾಪ ಎನ್ನುತ್ತಿದ್ದಾಗ ಅವನು ದೂರದಲ್ಲಿ ನಿಂತಿದ್ದ. ನಾನು ನೋಡಿದ ಕೂಡಲೇ ಬೇರೆ ಕಡೆ ತಿರುಗಿದ.

ನಿನ್ನಪ್ಪನಿಗೆ ಹೇಳಿದರೆ, "ನಿನಗೆ ಹಕ್ಕಿ ನೋಡೋದಕ್ಕಿಂತ ಜನರನ್ನ ನೋಡೋ ಚಟ ಜಾಸ್ತಿ" ಅಂದರು. ಇರಬಹುದು. ಅಕ್ಷರದ ಫಲಕವನ್ನು ಬಾಯಿಪಾಠ ಮಾಡಿಕೊಂಡು ಬಂದು ಕಣ್ಣು ಸರಿಯಿದೆ ಎನ್ನುವವರನ್ನು ನಾನು ದಿನಾ ಹಿಡಿಯುತ್ತೇನೆ. ಅನುಮಾನ ನನ್ನ ಕಸುಬು.

ನೀನು ಒಂದು ದಿನ ಅವನ ಪಕ್ಕ ಬೆಂಚಿನ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದ್ದೆ. ಏನು ಹೇಳಿದ? ಗೂಡಿನ ವಿಷಯ ಏನಾದರೂ ಬಂತಾ? ನೆನಪು ಮಾಡಿಕೊಂಡು ಬರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಅಮ್ಮ


ಮೇ ೯

ಪ್ರೀತಿಯ ಪುಟ್ಟಿಗೆ,

ಆಶೀರ್ವಾದಗಳು. ಕಾಗದ ಬರೆ ಎಂದರೆ ನೀನು ಫೋನು ಮಾಡಿದೆ, ಅದೂ ಅಂಗಡಿಯಲ್ಲಿ ಜನ ಇರುವಾಗ. ಒಂದು ಹಕ್ಕಿ ಗೂಡಿಗೆ ಯಾಕಮ್ಮ ಇಷ್ಟು ರಾದ್ಧಾಂತ, ಬಿಟ್ಟುಬಿಡು ಎಂದೆ. ಕೊಕ್ಕರೆಯ ವಿಷಯ ಕೇಳಿದರೆ, ಅವರು ಒಳ್ಳೆಯವರು, ಅವರನ್ನು ಸುಮ್ಮನೆ ಬಿಟ್ಟುಬಿಡು ಎಂದೆ. ಹೇಗೆ ಗೊತ್ತು ಎಂದು ಕೇಳುವಷ್ಟರಲ್ಲಿ ಯಾರೋ ಕರೆಯುತ್ತಿದ್ದಾರೆ ಎಂದು ಇಟ್ಟುಬಿಟ್ಟೆ. ನನಗೆ ಕೋಪವಿಲ್ಲ. ಆದರೆ ಆಮೇಲೆ ನಡೆದದ್ದನ್ನು ನೀನು ತಿಳಿಯಬೇಕು.

ಭಾನುವಾರ ಗುಂಪಿನವರೆಲ್ಲ ಸೇರಿದ್ದೆವು. ಸೆಕ್ರೆಟರಿಯವರು ಮೊದಲು ಸುತ್ತಿ ಬಳಸಿ ಮಾತಾಡಿದರು. ಹಕ್ಕಿ ನೋಡುವವರಿಗೆ ಶಿಸ್ತಿರಬೇಕು, ಚಿತ್ರಕ್ಕಿಂತ ಜೀವ ದೊಡ್ಡದು, ಹೀಗೆ. ಎಲ್ಲರೂ ಕೊಕ್ಕರೆಯ ಕಡೆಗೇ ನೋಡುತ್ತಿದ್ದರು. ಅವನು ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಮಾತು ಎಲ್ಲಿಗೂ ಮುಟ್ಟುತ್ತಿಲ್ಲ ಎಂದು ನನಗೆ ರೇಗಿತು.

"ಒಂದ್ಸಲ ಕ್ಯಾಮೆರಾ ತೋರಿಸಿಬಿಡಿ" ಅಂದೆ. "ತಪ್ಪು ಮಾಡಿಲ್ಲ ಅಂದ್ಮೇಲೆ ತೋರಿಸೋಕೇನು?"

ಹೌದು ಪುಟ್ಟಿ, ಕೇಳಿದ್ದು ನಾನೇ.

ಅವನು ಚೀಲವನ್ನು ನೆಲಕ್ಕಿಟ್ಟ. ಆಮೇಲೆ ಕತ್ತಿನಿಂದ ಪಟ್ಟಿ ತೆಗೆದು ಕ್ಯಾಮೆರಾವನ್ನು ಸೆಕ್ರೆಟರಿಯವರ ಕೈಗೆ ಕೊಟ್ಟ. ನಾವೆಲ್ಲ ಅವರ ಹೆಗಲ ಮೇಲಿಂದ ಬಗ್ಗಿ ನೋಡಿದೆವು. ಮೊದಲ ಚಿತ್ರ ಮಸುಕು. ಎರಡನೆಯದೂ ಮಸುಕು. ಮಿಂಚುಳ್ಳಿ ಎಂದು ಬಣ್ಣದಿಂದ ಊಹಿಸಬೇಕು, ಮರಕುಟಿಗ ಎಂದು ಮರದಿಂದ ಊಹಿಸಬೇಕು. ಒಂದೊಂದು ಹಕ್ಕಿಗೂ ಎರಡೆರಡು ನೆರಳು. ಯಾರೋ ಕಿಸಕ್ಕನೆ ನಕ್ಕರು. ನಗು ಹಾಗೇ ನಿಂತುಹೋಯಿತು, ಯಾಕೆಂದರೆ ಅಷ್ಟರಲ್ಲಿ ಎಲ್ಲರ ಕಣ್ಣು ಅವನ ಕೈಗಳ ಮೇಲೆ ಬಿದ್ದಿತ್ತು. ಹಿಡಿದುಕೊಳ್ಳಲು ಏನೂ ಇಲ್ಲದೆ ಅವು ನಡುಗುತ್ತಿದ್ದವು. ಚಳಿಗೆ ನಡುಗುವ ಹಾಗಲ್ಲ, ಯಂತ್ರ ನಡುಗುವ ಹಾಗೆ, ಒಂದೇ ಸಮನೆ.

ಅವನು ನೋಡಿಕೊಳ್ಳುವ ಲಿಫ್ಟುಗಳಲ್ಲಿ ಸೆಕ್ರೆಟರಿಯವರ ಕಟ್ಟಡದ್ದೂ ಇದೆ. ಅವರು ಮಾರನೆಯ ದಿನ ಲಿಫ್ಟ್ ಕಂಪನಿಗೆ ಫೋನು ಮಾಡಿ, ಕೈ ನಡುಗುವ ಮನುಷ್ಯನನ್ನು ನಮ್ಮ ಲಿಫ್ಟಿಗೆ ಕಳಿಸಬೇಡಿ ಎಂದರಂತೆ. ಅವರು ಹೇಳಿದ್ದು ತಪ್ಪೆಂದು ನಾನು ಹೇಗೆ ಹೇಳಲಿ, ಅದೇ ಲಿಫ್ಟಿನಲ್ಲಿ ಮಕ್ಕಳು ಮುದುಕರು ಓಡಾಡುತ್ತಾರೆ. ಕಂಪನಿಯವರು ಅವನನ್ನು ಸದ್ಯಕ್ಕೆ ಮನೆಯಲ್ಲಿರು ಎಂದಿದ್ದಾರೆ.

ಹೀಗೆ, ಎಲೆ ಕತ್ತರಿಸಿದವನು ಅವನಲ್ಲ ಎಂದು ಗೊತ್ತಾಯಿತು. ಅಷ್ಟು ನುಣ್ಣಗೆ ಆ ಕೈಯಿಂದ ಒಂದು ಎಲೆಯನ್ನೂ ಕತ್ತರಿಸಲಾಗದು.

ಇನ್ನೊಂದು ಸಂಗತಿ. ಆ ಚಿತ್ರಗಳ ಕೊನೆಯಲ್ಲಿ ಒಂದರಲ್ಲಿ ಬಾಗಿದ ಮರ ಇತ್ತು. ಅದರ ಕೆಳಗೆ ಒಂದು ನೀಲಿ ಮುದ್ದೆ. ಮನುಷ್ಯರೇ, ಆದರೆ ಗಂಡೋ ಹೆಣ್ಣೋ ಹೇಳಲಾಗದು. ಒಂದು ಕೈ ಮೇಲಕ್ಕೆ ಚಾಚಿ ಎಲೆಗಳ ಒಳಗೆ ಹೋಗಿದೆ, ಒಂದು ಕಾಲು ಹಿಂದಕ್ಕೆ ಮಡಚಿದೆ. ಸೆಕ್ರೆಟರಿಯವರು ಇದು ಯಾರು ಎಂದು ಕೇಳಿದರು. ಅವನು "ಗೊತ್ತಿಲ್ಲ" ಅಂದ. ಹೇಳುವಾಗ ನನ್ನ ಮುಖ ನೋಡಿದ. ಯಾಕೆ ನನ್ನನ್ನೇ ನೋಡಿದ ಎಂದು ಯೋಚಿಸುತ್ತಿದ್ದೇನೆ. ಪಾರ್ಕಿನ ಮಾಲಿಗಳ ಸಮವಸ್ತ್ರ ನೀಲಿ ಬಣ್ಣದ್ದು, ಹಾಗಾಗಿ ಮಾಲಿಯದೇ ಕೆಲಸ, ಯಾರೋ ಫೋಟೋದವರು ಕೈಬಿಸಿ ಮಾಡಿ ಕತ್ತರಿಸಿ ಎಂದಿರಬೇಕು ಎಂದು ಗುಂಪು ತೀರ್ಮಾನಿಸಿದೆ. ಪಾರ್ಕಿನ ಕಚೇರಿಗೆ ದೂರು ಹೋಗಿದೆ.

ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ನಿನ್ನ ಆ ತುಂಬುತೋಳಿನ ನೀಲಿ ಅಂಗಿ ಇಲ್ಲೇ ಬಿಟ್ಟು ಹೋಗಿದ್ದೀಯಾ? ಕಪಾಟಿನಲ್ಲಿ ಹುಡುಕಿದೆ, ಸಿಗಲಿಲ್ಲ. ಸುಮ್ಮನೆ ಕೇಳಿದೆ, ಒಗೆದು ಇಡೋಣವೆಂದು. ಹೊರಡುವ ಹಿಂದಿನ ದಿನ ನೀನು ಗೂಡಿನ ಚಿತ್ರ ತೆಗೆದಾಗ ಎಲೆಗಳೆಲ್ಲ ಇದ್ದವು ತಾನೆ? ನಿನ್ನ ಹಿಂದೆಯೇ ಯಾರಾದರೂ ಬಂದಿರಬಹುದು. ಮರದ ಹತ್ತಿರ ಯಾರಾದರೂ ಸುಳಿದಾಡುತ್ತಿದ್ದರಾ? ಚಿಕ್ಕ ಸಂಗತಿಯಾದರೂ ಸರಿ, ಬರೆ.

ಚಿಕ್ಕಂದಿನಲ್ಲಿ ಅಂಗಡಿಯ ಮೇಲಿನ ಹಲಗೆಯಿಂದ ಫ್ರೇಮುಗಳ ಡಬ್ಬಿ ತೆಗೆಯುವಾಗ ನೀನು ಎಡಗಾಲಿನ ಹಿಮ್ಮಡಿ ಮಾತ್ರ ಎತ್ತಿ, ಬಲಗಾಲನ್ನು ಹಿಂದಕ್ಕೆ ಮಡಚಿ ನಿಲ್ಲುತ್ತಿದ್ದೆ. ಬೀಳುತ್ತೀಯ ಎಂದು ಎಷ್ಟು ಸಲ ಗದರಿದ್ದೇನೆ. ಯಾಕೋ ಈ ದಿನಗಳಲ್ಲಿ ಅದು ನೆನಪಾಗುತ್ತಿದೆ.

ಅಪ್ಪ ಕೇಳಿದೆನೆಂದು ಹೇಳು ಎಂದಿದ್ದಾರೆ.

ಅಮ್ಮ


ಮೇ ೨೩

ಪುಟ್ಟಿ,

ಪತ್ರಿಕೆ ಬಂತು. ನಿನಗೆ ಮೊದಲ ಬಹುಮಾನ, ಕೆಲಸವೂ ಸಿಗುತ್ತದೆ ಎಂದು ನೀನು ಅಪ್ಪನಿಗೆ ಫೋನು ಮಾಡಿದೆಯಂತೆ, ನನಗೆ ಮಾಡಲಿಲ್ಲ. ಅವರು ಬಸ್‌ನಿಲ್ದಾಣದ ಪುಸ್ತಕದಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ಹೊತ್ತು ತಂದಿದ್ದಾರೆ. ಬಂದ ಗಿರಾಕಿಗಳಿಗೆಲ್ಲ ತೋರಿಸಿದರು. ಹತ್ತಿರದ ಕನ್ನಡಕವಿಲ್ಲದ ಒಬ್ಬ ಅಜ್ಜಿಗೆ ಅಂಗಡಿಯದೇ ಕನ್ನಡಕ ಹಾಕಿಸಿ ತೋರಿಸಿದರು. ಒಂದನ್ನು ಕಟ್ಟು ಹಾಕಿಸಿ, ಗಿರಾಕಿಗಳು ಫ್ರೇಮು ಹಾಕಿಕೊಂಡು ಮುಖ ನೋಡಿಕೊಳ್ಳುವ ಕನ್ನಡಿಯ ಮೇಲೆ ತೂಗುಹಾಕಿದ್ದಾರೆ.

ಎಲ್ಲರೂ ಮನೆಗೆ ಹೋದ ಮೇಲೆ ನಾನು ಒಬ್ಬಳೇ ನಿಂತು ನೋಡಿದೆ. ತಾಯಿ ಹಕ್ಕಿ ಬಗ್ಗಿದೆ, ಎರಡು ಮರಿಗಳ ಬಾಯಿ ತೆರೆದಿದೆ, ಗಂಟಲಿನ ಕೆಂಪು ಕೂಡ ಕಾಣುತ್ತದೆ. ಗೂಡಿನ ಒಳಕ್ಕೆಲ್ಲ ಬಿಸಿಲು ಬಿದ್ದಿದೆ. ಮುಂದೆ ಒಂದೇ ಒಂದು ಎಲೆ ಅಡ್ಡವಿಲ್ಲ.

ಆ ಗೂಡನ್ನು ನಾನು ದಿನಾ ನೋಡಿದವಳು. ಎಲೆಗಳ ಸಂದಿಯಿಂದ ತಾಯಿಯ ಬಾಲವೋ ಕೊಕ್ಕೋ ಕಂಡರೆ ಹೆಚ್ಚು. ಇಷ್ಟು ಚೆನ್ನಾಗಿ ಅದು ಯಾವತ್ತೂ ಯಾರಿಗೂ ಕಂಡಿರಲಿಲ್ಲ.

ಸೋಮವಾರ ಮಾಲಿಯನ್ನು ಕಚೇರಿಗೆ ಕರೆದಿದ್ದಾರೆ. ಅಷ್ಟರೊಳಗೆ ನನಗೆ ಹೇಳಬೇಕಾದದ್ದನ್ನು ಹೇಳು. ಈ ಸಲ ಫೋನಾದರೂ ಪರವಾಗಿಲ್ಲ.

ಅಮ್ಮ


ಜೂನ್ ೧೫

ಮುದ್ದಿನ ಪುಟ್ಟಿಗೆ,

ಅಮ್ಮ ಮಾಡುವ ಅನೇಕ ಆಶೀರ್ವಾದಗಳು. ನಿನ್ನ ಕಾಗದ ಬಂದು ವಾರ ಕಳೆಯಿತು. ದಿನಾ ಸಂಜೆ ಅಂಗಡಿ ಬಾಗಿಲು ಹಾಕಿ ಬಂದು ಬರೆಯಲು ಕೂರುತ್ತೇನೆ, ಒಂದು ಸಾಲು ಬರೆದು ಹರಿದುಹಾಕುತ್ತೇನೆ. ತಡವಾಗಿದ್ದಕ್ಕೆ ಕ್ಷಮಿಸು. ಕೋಪದಿಂದ ಸುಮ್ಮನಿದ್ದಾಳೆ ಎಂದು ನೀನು ಅಂದುಕೊಳ್ಳಬಾರದು, ಅದಕ್ಕೇ ಇವತ್ತು ಬರೆದು ಮುಗಿಸಿಯೇ ಏಳುತ್ತೇನೆ.

ಆ ಶನಿವಾರ ನೀನು ಫೋನಿನಲ್ಲಿ ಹೇಳಿದ್ದು ಕಿವಿಯಲ್ಲೇ ಇದೆ. "ನಾಲ್ಕೇ ನಾಲ್ಕು ಎಲೆ, ಅಮ್ಮ. ಎಲ್ಲರೂ ಮಾಡ್ತಾರೆ. ಹೀಗಾಗುತ್ತೆ ಅಂತ ಗೊತ್ತಿರಲಿಲ್ಲ" ಅಂದೆ. ನಾನು ಆ ಮರದ ಕೆಳಗೆ ನಿಂತು ಕತ್ತರಿಸಿದ ತೊಟ್ಟುಗಳನ್ನು ಕಂಡಿದ್ದೇನೆ ಪುಟ್ಟಿ. ನಾಲ್ಕಲ್ಲ. ಎಷ್ಟೆಂದು ಎಣಿಸಲು ಮಾತ್ರ ಮನಸ್ಸಾಗಲಿಲ್ಲ. ಆ ಹೊತ್ತಿಗೆ ನನಗೆ ಕೇಳಿಸಿದ್ದು ನಿನ್ನ ಅಳು. ಸಮಾಧಾನವನ್ನೂ ಹೇಳದೆ ನಾನೇ ಫೋನು ಇಟ್ಟೆ. ಹಾಗೆ ಇಟ್ಟದ್ದು ಅದೇ ಮೊದಲು.

ಭಾನುವಾರ ಬೆಳಿಗ್ಗೆ ಗುಂಪಿನವರ ಮುಂದೆ ಹೇಳಿಬಿಟ್ಟೆ. ನೀಲಿ ಅಂಗಿ ನನ್ನ ಮಗಳದ್ದು, ಎಲೆ ಕತ್ತರಿಸಿದ್ದು ಅವಳು, ಮಾಲಿಯದೇನೂ ಇಲ್ಲ, ಆ ಲಿಫ್ಟಿನವರದ್ದೂ ಇಲ್ಲ ಎಂದೆ. ಮನೆಯಲ್ಲಿ ಏನೇನೋ ಸೇರಿಸಿ ಯೋಚಿಸಿಟ್ಟುಕೊಂಡಿದ್ದೆ, ಅವಳಿಗೆ ಕೆಲಸ ಹೋಗಿತ್ತು, ದುಃಖದಲ್ಲಿದ್ದಳು, ಹೀಗೆಲ್ಲ. ಅಲ್ಲಿ ಅದು ಯಾವುದೂ ಹೇಳಲು ಸರಿಯೆನಿಸಲಿಲ್ಲ. ಸೆಕ್ರೆಟರಿಯವರು ನನ್ನನ್ನು ಪಕ್ಕಕ್ಕೆ ಕರೆದು, "ನೀವು ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು.

"ಇಬ್ಬರಿಗೆ ಆಗಲೇ ಗೊತ್ತಿತ್ತು" ಅಂದೆ.

ಅವರೇ ಕಚೇರಿಗೆ ಹೋಗಿ ದೂರು ವಾಪಸು ತೆಗೆದುಕೊಂಡರು. ಮಾಲಿಯ ಹತ್ತಿರ ಹೋಗಿ ತಪ್ಪಾಯಿತಪ್ಪ ಎಂದೆ. ಅವನು ನನ್ನ ಕಡೆ ತಿರುಗದೆ, ಪೈಪು ಎಳೆದುಕೊಂಡು ಗಿಡಗಳಿಗೆ ನೀರು ಬಿಡುತ್ತ ಹೋದ. ಅವನ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಗುಂಪಿನಲ್ಲಿ ಕೆಲವರು ಈಗ ನನ್ನನ್ನು ಕಂಡರೆ ದುರ್ಬೀನು ಕಣ್ಣಿಗೇರಿಸಿಕೊಳ್ಳುತ್ತಾರೆ, ಮೇಲೆ ಹಕ್ಕಿ ಇರಲಿ ಇಲ್ಲದಿರಲಿ.

ಅದೇ ದಿನ ಮಧ್ಯಾಹ್ನ ಲಿಫ್ಟಿನವರ ಮನೆಗೆ ಹೋದೆ. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವರ ಮನೆಗೆ ಲಿಫ್ಟಿಲ್ಲ, ಮೆಟ್ಟಿಲು ಹತ್ತಿ ಮೇಲಿನ ಮಹಡಿಗೆ ಹೋಗಬೇಕು. ಅವರ ತಂಗಿ ಬಾಗಿಲು ತೆರೆದರು. ಒಳಗೆ ಒಂದೇ ಕೋಣೆ, ಸಾಮಾನಿನ ಚೀಲ ಮೊಳೆಗೆ ತೂಗುಹಾಕಿತ್ತು. ಅವರು ಕಿಟಕಿಯ ಹತ್ತಿರ ಕೂತಿದ್ದರು. ನಾನು ಬಂದ ಕೆಲಸ ಹೇಳಿದೆ. ನೀವು ಅವತ್ತು ನೋಡಿದ್ದಿರಿ, ಯಾಕೆ ಹೇಳಲಿಲ್ಲ, ಹೇಳಿದ್ದರೆ ಕ್ಯಾಮೆರಾ ತೋರಿಸುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ ಎಂದು ಕೇಳಿದೆ.

ಅವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಮಾತಾಡಿದರು. ನಿನ್ನ ಜೊತೆ ಬೆಂಚಿನ ಮೇಲೆ ಕೂತಿದ್ದ ದಿನ ನೀನು ಅವರ ಕೈ ನೋಡಿಬಿಟ್ಟೆಯಂತೆ. ಒಂದು ಮಾತೂ ಕೇಳದೆ, ಮೊಣಕೈಯನ್ನು ಬೆಂಚಿನ ಬೆನ್ನಿಗೆ ಆನಿಸಿಕೊಂಡು ಉಸಿರು ಬಿಡುವಾಗ ಗುಂಡಿ ಒತ್ತಬೇಕು ಎಂದು ಮಾಡಿ ತೋರಿಸಿದೆಯಂತೆ. ಆ ದಿನ ತೆಗೆದ ಒಂದು ಗುಬ್ಬಚ್ಚಿ ಸರಿಯಾಗಿ ಬಂದಿದೆ, ನನಗೂ ತೋರಿಸಿದರು. ಎಲ್ಲ ಚಿತ್ರಗಳಲ್ಲಿ ಅದೊಂದೇ.

"ನನ್ನ ಗುಟ್ಟು ಗೊತ್ತಾಗಿ ಯಾರಿಗೂ ಹೇಳದವಳು ಆಕೆ ಒಬ್ಬಳೇ" ಅಂದರು. "ಅವಳದ್ದನ್ನ ನಾನು ಹೇಗಮ್ಮ ಹೇಳ್ಲಿ?"

ನನಗೆ ಅಲ್ಲಿ ಅಳು ಬಂತು. ಯಾವುದಕ್ಕೆ ಎಂದು ಕೇಳಿದರೆ ಹೇಳಲಾರೆ. ಅಂಥದ್ದನ್ನು ಮಾಡಿದವಳೂ ನೀನೇ, ಇಂಥದ್ದನ್ನು ಮಾಡಿದವಳೂ ನೀನೇ, ಅದೂ ಅದೇ ಪಾರ್ಕಿನಲ್ಲಿ. ಅವರ ಕೆಲಸದ ವಿಷಯದಲ್ಲಿ ನೀನು ಅಂದುಕೊಂಡಷ್ಟು ಕೆಟ್ಟದಾಗಿಲ್ಲ, ಒಳ್ಳೆಯದೂ ಆಗಿಲ್ಲ. ಕಂಪನಿಯವರು ಕಚೇರಿಯಲ್ಲಿ ಕೂತು ದೂರಿನ ಫೋನು ತೆಗೆದುಕೊಳ್ಳುವ ಕೆಲಸ ಕೊಟ್ಟಿದ್ದಾರೆ. ಒಮ್ಮೆ ಮೇಲಿನಿಂದ ಸ್ಪ್ಯಾನರ್ ಕೈಜಾರಿ ಬಿದ್ದಿತ್ತು, ಕೆಳಗೆ ಯಾರೂ ಇರಲಿಲ್ಲ, ಅಂದಿನಿಂದ ತನಗೇ ಹೆದರಿಕೆಯಿತ್ತು ಎಂದರು. ಆದರೂ ಆ ಕೆಲಸ ಬಿಡುವ ದಿನವನ್ನು ಅವರೇ ಆರಿಸಿಕೊಳ್ಳಬೇಕಾಗಿತ್ತು. ಗುಂಪಿನವರೆಲ್ಲ ನೋಡುತ್ತಿರುವಾಗ ನಾನು ಆರಿಸಿಕೊಟ್ಟೆ. ಅದು ನನ್ನ ಪಾಲು, ನಿನ್ನದಲ್ಲ. ವೈದ್ಯರಿಗೆ ತೋರಿಸಿದ್ದಾರೆ, ಮಾತ್ರೆ ಶುರುವಾಗಿದೆ.

ನೀನು ಪತ್ರಿಕೆಯವರಿಗೆ ಎಲ್ಲವನ್ನೂ ಬರೆದೆ ಎಂದು ಓದಿ ಅಪ್ಪ ಕಾಗದವನ್ನು ಮತ್ತೆ ಮೊದಲಿನಿಂದ ಓದಿದರು. ಬಹುಮಾನ ಹಿಂದಕ್ಕೆ ಪಡೆದದ್ದು, ಕೆಲಸದ ಮಾತೂ ಮುಗಿದದ್ದು ತಿಳಿಯಿತು. ಮುಂದಿನ ಸಂಚಿಕೆಯಲ್ಲಿ ಕಾರಣವನ್ನೂ ಅಚ್ಚು ಹಾಕುತ್ತಾರೆ ಎಂದಿದ್ದೀಯ. ಹಾಕಲಿ. ನಾನು ಬರೆ ಎಂದು ಹೇಳಿರಲಿಲ್ಲ, ಆ ಮಾತು ನಿನ್ನಿಂದಲೇ ಬರಲಿ ಎಂದು ಕಾದಿದ್ದೆ. ಬರುತ್ತದೋ ಇಲ್ಲವೋ ಎಂಬ ಅನುಮಾನವೂ ಇತ್ತು, ಸುಳ್ಳೇಕೆ ಹೇಳಲಿ. ನಿನ್ನ ಕಾಗದ ಓದಿದ ರಾತ್ರಿ ಬಹಳ ದಿನದ ಮೇಲೆ ಊಟ ರುಚಿಯಾಯಿತು.

ಅಂಗಡಿಯಲ್ಲಿದ್ದ ಚಿತ್ರವನ್ನು ತೆಗೆಯಿರಿ ಎನ್ನಲು ನನಗೆ ಬಾಯಿ ಬಂದಿರಲಿಲ್ಲ. ಮೊನ್ನೆ ಬಾಗಿಲು ಹಾಕುವ ಮುಂಚೆ ಅಪ್ಪ ತಾವೇ ಸ್ಟೂಲು ಹಾಕಿಕೊಂಡು ಇಳಿಸಿದರು. ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ಮೇಜಿನ ಖಾನೆಯಲ್ಲಿಟ್ಟರು. "ಚಿತ್ರ ಚೆನ್ನಾಗಿದೆ ಕಣೆ" ಅಂದರು. "ಅದೇ ತೊಂದರೆ."

ನೀನು ಮತ್ತೆ ಮದುವೆಯ ಫೋಟೋಗಳಿಗೆ ಹೋಗುತ್ತಿರುವುದು ತಿಳಿಯಿತು. ಅದರಲ್ಲಿ ನಾಚಿಕೆಯೇನಿಲ್ಲ. ಮನಸ್ಸಾದಾಗ ಮನೆಗೆ ಬಾ. ಪಾರ್ಕಿಗೆ ಬರಬೇಕೆಂದೇನಿಲ್ಲ. ಬಂದರೆ ನಾನು ಜೊತೆಗಿರುತ್ತೇನೆ, ನೋಡುವವರು ನೋಡಲಿ. ಲಿಫ್ಟಿನವರು ನಿನ್ನನ್ನು ಕೇಳಿದೆನೆಂದು ಹೇಳಲು ಹೇಳಿದ್ದಾರೆ. ಅವರಿಗೆ ಒಂದು ಸಾಲು ಬರೆ. ಮೈ ಹುಷಾರು, ಮನಸ್ಸನ್ನು ಹಿಂಡಿಕೊಳ್ಳಬೇಡ. ನಿನ್ನ ಕಣ್ಣೂ ಕೈಯೂ ಚೆನ್ನಾಗಿರಲಿ, ಮಾಡುವ ಕೆಲಸ ನಿನ್ನನ್ನು ತಲೆ ಎತ್ತಿ ನಡೆಸಲಿ.

ಎಂದೆಂದಿಗೂ ನಿನ್ನ
ಅಮ್ಮ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಎಲೆಯ ವಿಷಯ ಮುಗಿಯಿತು, ಅದನ್ನು ನಾನು ಇನ್ನು ಎತ್ತುವುದಿಲ್ಲ. ನನ್ನನ್ನು ಕೊರೆಯುತ್ತಿರುವುದು ಬೇರೆ. ನೀನು ಗೂಡಿನ ಚಿತ್ರ ತೆಗೆದ ಆ ಬೆಳಿಗ್ಗೆ ನಾನೂ ನಿನ್ನ ಜೊತೆಗೇ ಇದ್ದೆನಲ್ಲ. ಮರದ ಹತ್ತಿರ ಹೋದ ಮೇಲೆ ನೀನು, ನೀರಿನ ಬಾಟಲಿ ಮರೆತುಬಂದೆ ಅಮ್ಮ, ಗೇಟಿನ ಅಂಗಡಿಯಿಂದ ತರುತ್ತೀಯಾ ಎಂದೆ. ನಾನು ಹೊರಟೆ. ನೀನು ಹಿಂದಿನಿಂದ ಕೂಗಿ, "ಬಿಸಿಲಿದೆ ಅಮ್ಮ, ಅವಸರ ಮಾಡ್ಬೇಡ. ನೆರಳಲ್ಲಿ ಸ್ವಲ್ಪ ಕೂತ್ಕೊಂಡು ನಿಧಾನವಾಗಿ ಬಾ" ಅಂದೆ. ನಾನು ಹಾಗೇ ಮಾಡಿದೆ. ಗೇಟಿನ ಹತ್ತಿರ ನೆರಳಲ್ಲಿ ಕೂತು, ಪಕ್ಕದಲ್ಲಿದ್ದ ಯಾರೋ ಹೆಂಗಸಿಗೆ, ಮಗಳು ಹೀಗೆ ಹೇಳಿ ಕಳಿಸಿದ್ದಾಳೆ ನೋಡಿ ಎಂದು ಹೇಳಿಕೊಂಡೆ. ಆಕೆ, ನೀವು ಪುಣ್ಯ ಮಾಡಿದ್ದೀರಿ ಎಂದರು. ನಾನು ಏಳುವಷ್ಟರಲ್ಲಿ ನೀನೇ ಕೆಲಸ ಮುಗಿಸಿ ಗೇಟಿಗೆ ಬಂದೆ, ಮರದ ಕಡೆ ನಾನು ಮತ್ತೆ ಹೋಗಲೇ ಇಲ್ಲ. ಈಗ ನೀನು ಫೋನಿನಲ್ಲಿ ಊಟ ಆಯ್ತಾ ಅಮ್ಮ ಎಂದು ಕೇಳಿದರೂ, ಇವಳಿಗೆ ಇನ್ನೇನು ಬೇಕಾಗಿದೆ ಎಂದು ಮನಸ್ಸು ಒಂದು ಗಳಿಗೆ ನಿಂತು ನೋಡುತ್ತದೆ. ಬೇಡವೆಂದರೂ ನೋಡುತ್ತದೆ. ಉಳಿದ ಯಾವುದಕ್ಕೂ ಉತ್ತರ ಬರೆಯಬೇಡ. ಆ ಮಾತು ಹೇಳುವಾಗ, ಸ್ವಲ್ಪವಾದರೂ, ನಿನಗೆ ನನ್ನ ತಲೆಯ ಮೇಲಿನ ಬಿಸಿಲಿನ ಯೋಚನೆ ಇತ್ತಾ? ಇಷ್ಟನ್ನು ಬರೆ. ಇತ್ತು ಎಂದು ಬರೆದರೆ ನಂಬುತ್ತೇನೆ, ಇನ್ನೊಂದು ಸಲ ಕೇಳುವುದಿಲ್ಲ.